ಗುಂಡಿನ ದೋಷ

ಕೋವಿ ರಿಪೇರಿಯಾಗಿ ಬಂದು ಇವತ್ತಿಗೆ 8 ದಿನ. ರಿಪೇರಿಯವನ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಕೋವಿ ಅಂದ ಕೂಡಲೇ ಗಾಬರಿ ಬೀಳಬೇಡಿ. ಇದು ಅಪ್ಪನ ಕಾಲದ ಏರ್ ಗನ್. ನಳಿಕೆ ಬಗ್ಗಿಸಿ, ಸ್ಪ್ರಿಂಗ್ ಕೂರಿಸಿ, ಒಂದೊಂದೇ ಗುಂಡು ಹಾಕಿ ಹೊಡೆಯುವಂಥದ್ದು. ನಳಿಕೆಯ ಒಳಗೆ ತಿರುವು ಗೆರೆಗಳಿವೆ ಅನ್ನುವ ಒಂದೇ ಕಾರಣಕ್ಕೆ ಅಪ್ಪ ಇದನ್ನು ಜಂಬದಿಂದ ರೈಫಲ್ ಅಂತಲೇ ಕರೆಯುತ್ತಿದ್ದರು. 4.5 ಮಿಲಿಮೀಟರ್ ಗುಂಡು, 20 ಜೌಲ್ ಒಳಗಿನ ಹೊಡೆತ. ಇಷ್ಟಕ್ಕೆಲ್ಲ ಲೈಸೆನ್ಸ್ ಬೇಡ. ಹಾಗಾಗಿ ಚುನಾವಣೆ ಬಂದಾಗ ಸುತ್ತಮುತ್ತಲಿನ ತೋಟದವರೆಲ್ಲ ತಮ್ಮ ಜೋಡಿ ನಳಿಕೆ ಕೋವಿಗಳನ್ನು ಠಾಣೆಗೆ ಒಪ್ಪಿಸಿ ಬಂದರೂ, ನಮ್ಮದು ಬಾಗಿಲ ಹಿಂದೆ ಆರಾಮಾಗಿ ನಿಂತಿರುತ್ತದೆ. ಪೊಲೀಸರೂ ಲೆಕ್ಕಕ್ಕಿಡದ ಕೋವಿ ಅಂತ ಹೆಂಡತಿ ಆಡಿಕೊಳ್ಳುತ್ತಾಳೆ.

ಇದರ ಕೆಲಸ ಒಂದೇ. ತಗಡಿಗೆ ಹೊಡೆಯೋದು. ಹಿತ್ತಲ ಬಾಳೆಯ ಪಕ್ಕ, ಹಲಸಿನ ಕೊಂಬೆಗೆ ಒಂದು ಹಳೇ ತಗಡು ನೇತು ಹಾಕಿದ್ದೇವೆ. ಹಿಂದೆ ದರೆ, ಹಾಗಾಗಿ ಗುಂಡು ಎಲ್ಲಿಗೂ ಹೋಗುವುದಿಲ್ಲ. ಮಂಗ ಬಂದಾಗ ಜಗಲಿಯಿಂದ ಒಂದು ಈಡು. ಟಣ್ ಅಂತ ಶಬ್ದ. ಮಂಗ ಪರಾರಿ. ಮಂಗನಿಗೇ ಹೊಡೆಯುವ ಹಾಗಿಲ್ಲವಲ್ಲ. 1972ರ ವನ್ಯಜೀವಿ ಕಾಯ್ದೆ ಮಂಗನ ಪರ. ಅಮ್ಮ ಆಂಜನೇಯನ ಪರ, ಅಂದರೆ ಅದೂ ಮಂಗನ ಪರವೇ. ಉಳಿದದ್ದು ತಗಡು. ಅದರ ಪರ ಯಾರೂ ಇಲ್ಲ.

ಕಾಫಿ ಕೊಯ್ಲಿನ ಹೊತ್ತಿಗೆ ಸರಿಯಾಗಿ ಸ್ಪ್ರಿಂಗ್ ಲಟಕ್ ಅಂತ ಮುರಿಯಿತು. ಆಲ್ದೂರಿನಲ್ಲಿ ಇದನ್ನು ಮುಟ್ಟುವವರು ಸಿಗಲಿಲ್ಲ. ಸುಮಾರು 20 ಕಿಲೋಮೀಟರ್ ದೂರದ ಚಿಕ್ಕಮಗಳೂರಿಗೆ ಹೊತ್ತುಕೊಂಡು ಹೋದೆ. ಸ್ಪ್ರೇಯರ್, ಹೊಲಿಗೆ ಮಿಷನ್, ಪ್ರೆಶರ್ ಕುಕ್ಕರ್ ಎಲ್ಲ ಒಟ್ಟಿಗೆ ರಾಶಿ ಬಿದ್ದಿರುವ ಅಂಗಡಿ. 'ಸೋಮವಾರ ಬನ್ನಿ ಸಾರ್' ಅಂದ. ಯಾವ ಸೋಮವಾರ ಅಂತ ಕೇಳಲಿಲ್ಲ, ಅದು ನನ್ನ ತಪ್ಪು. ಐದನೇ ಸೋಮವಾರ ಕೋವಿ ಕೈಗೆ ಬಂತು. ಹೊಸ ಸ್ಪ್ರಿಂಗ್, ಹೊಸ ವಾಷರ್, ಮೈತುಂಬ ಎಣ್ಣೆ.

ಮನೆಗೆ ಬಂದು ಮೊದಲ ಈಡು ಹೊಡೆದೆ. ಏರ್ ಗನ್ನಿನಿಂದ ಹೊಗೆ ಬಂದದ್ದನ್ನು ಜೀವನದಲ್ಲಿ ಮೊದಲ ಸಲ ನೋಡಿದೆ. ಒಳಗೆ ಎಣ್ಣೆ ಜಾಸ್ತಿಯಾದರೆ ಗಾಳಿ ಒತ್ತಡದ ಬಿಸಿಗೆ ಅದೇ ಹೊತ್ತಿಕೊಳ್ಳುತ್ತದೆ, ಡೀಸೆಲ್ ಎಂಜಿನ್ನಿನ ಹಾಗೆ. ಢಂ ಅಂದ ಸದ್ದಿಗೆ ನಮ್ಮ ನಾಯಿ ಕಾಫಿ ಗಿಡದೊಳಗೆ ನುಗ್ಗಿದ್ದು ಸಂಜೆ ಊಟದ ಹೊತ್ತಿಗೆ ವಾಪಸ್ ಬಂತು. ಮಂಗಗಳು ಮಾತ್ರ ಕೂತಲ್ಲೇ ಕೂತಿದ್ದವು. ಯಾಕೆಂದರೆ ತಗಡು ಟಣ್ ಅನ್ನಲೇ ಇಲ್ಲ. ಎರಡನೇ ಈಡು, ಮೂರನೇ ಈಡು, ಊಹೂಂ. ಹತ್ತನೆಯದಕ್ಕೆ ಹೊಗೆ ನಿಂತಿತು, ಗುರಿ ಬರಲಿಲ್ಲ. ನಾಲ್ಕನೇ ಈಡಿನ ಹೊತ್ತಿಗೇ ಒಂದು ಗಡವ ಕೊಂಬೆಯ ತುದಿಗೆ ಬಂದು, ತಗಡನ್ನೂ ನನ್ನನ್ನೂ ಬದಲಾಯಿಸಿ ಬದಲಾಯಿಸಿ ನೋಡತೊಡಗಿತ್ತು.

ಮತ್ತೆ 20 ಕಿಲೋಮೀಟರ್.

ಈ ರಿಪೇರಿಯವನ ಅಭ್ಯಾಸ ಹೇಳಲೇಬೇಕು. ನೀವು ಏನೇ ದೂರು ಹೇಳಿ, ಆತ ಮಾತಾಡುವುದಿಲ್ಲ. ನಳಿಕೆ ಬಗ್ಗಿಸಿ ಬಲ್ಬಿನ ಕಡೆ ಎತ್ತಿ ಹಿಡಿಯುತ್ತಾನೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ಇಣುಕುತ್ತಾನೆ. ಉಫ್ ಅಂತ ಊದುತ್ತಾನೆ. ಅಂಗಿಯ ತುದಿಯಿಂದ ಬಾಯಿ ಒರೆಸುತ್ತಾನೆ, ನಳಿಕೆಯದ್ದು. ಆಮೇಲೆ ತೀರ್ಪು: 'ಕೋವೀದು ಏನೂ ಇಲ್ಲ ಸಾರ್. ಗುಂಡಿನ ದೋಷ.' ನಾನು ವಾದ ಮಾಡಬೇಕು ಅನ್ನುವಷ್ಟರಲ್ಲಿ ಒಬ್ಬರು ಹೆಂಗಸು ಕುಕ್ಕರ್ ತಂದರು. ಸೀಟಿ ಹೊಡೆಯುತ್ತಿಲ್ಲವಂತೆ. ಈತ ಮುಚ್ಚಳವನ್ನು ಬಲ್ಬಿಗೆ ಹಿಡಿದ, ಒಂದು ಕಣ್ಣು ಮುಚ್ಚಿದ, ಉಫ್ ಅಂದ. 'ಕುಕ್ಕರಿಂದು ಏನೂ ಇಲ್ಲಮ್ಮ. ಬೇಳೆ ದೋಷ.' ಸ್ಪ್ರೇಯರ್ ತಂದವನಿಗೆ ಔಷಧಿ ದೋಷ. ಹೊಲಿಗೆ ಮಿಷನ್ನಿನವರಿಗೆ ನೂಲಿನ ದೋಷ. ಇಷ್ಟು ವರ್ಷದಲ್ಲಿ ಆ ಅಂಗಡಿಯೊಳಗೆ ಒಂದೇ ಒಂದು ಯಂತ್ರ ಕೆಟ್ಟಿರಲಿಕ್ಕಿಲ್ಲ. ಕೆಟ್ಟಿರುವುದು ನಾವು ಅದರೊಳಗೆ ಹಾಕುವುದೆಲ್ಲ. 'ಬೇರೆ ಬೇರೆ ಗುಂಡು ಹಾಕಿ ನೋಡಿ ಸಾರ್, ಕೋವಿ ತನಗೆ ಬೇಕಾದ್ದನ್ನ ತಾನೇ ಹೇಳುತ್ತೆ' ಅಂದ.

ಬೇಜಾರೇನು ಗೊತ್ತಾ? ಈ ಮಾತು ಪೂರ್ತಿ ಸುಳ್ಳಲ್ಲ. ಒಂದೊಂದು ನಳಿಕೆಗೆ ಒಂದೊಂದು ಗುಂಡು ಹಿಡಿಸುತ್ತದೆ. ಏರ್ ಗನ್ನಿನ ಗುಂಡಿಗೆ ಡಮರುಗದ ಹಾಗೆ ಸೊಂಟ ಇರುತ್ತದೆ. ಹಿಂಭಾಗ ಲಂಗದ ಹಾಗೆ ತೆಳು, ಟೊಳ್ಳು. ಗಾಳಿ ನುಗ್ಗಿದಾಗ ಆ ಲಂಗ ಅರಳಿ ತಿರುವು ಗೆರೆಗೆ ಕಚ್ಚಬೇಕು. ಲಂಗ ಸ್ವಲ್ಪ ನೆಗ್ಗಿದ್ದರೂ ಗುಂಡು ತನಗೆ ತೋಚಿದ ಕಡೆ ಹೋಗುತ್ತದೆ. ಸರಿ, ನೋಡೇ ಬಿಡೋಣ ಅಂತ ಎರಡು ಡಬ್ಬಿ ಕೊಂಡೆ. ಒಂದು ಚಪ್ಪಟೆ ತಲೆಯದ್ದು, ಒಂದು ಚೂಪು ತಲೆಯದ್ದು. ಬೆಂಗಳೂರಿನ ಅಕ್ಕನ ಮಗನಿಗೆ ಹೇಳಿ ದುಂಡು ತಲೆಯ ಜರ್ಮನಿ ಡಬ್ಬಿಯನ್ನೂ ತರಿಸಿದೆ. ಗುಂಡೊಂದಕ್ಕೆ 0.54 ಗ್ರಾಂ ಅಂತ ಡಬ್ಬಿಯ ಮೇಲೇ ಬರೆದಿತ್ತು. ನಮ್ಮ ಕಡೆ ಚಿನ್ನವನ್ನೂ ಅಷ್ಟು ನಿಖರವಾಗಿ ತೂಗುವುದಿಲ್ಲ.

ಪರೀಕ್ಷೆಗೆ ಕಾಫಿ ಕಣ ಆರಿಸಿಕೊಂಡೆ. ಕೊಯ್ಲು ಮುಗಿದಿತ್ತು, ಕಣ ಖಾಲಿ. ಟೇಪ್ ಹಿಡಿದು 10 ಮೀಟರ್ ಅಳೆದೆ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಇದೇ 10 ಮೀಟರಿನಲ್ಲಿ. ಅವರು ಹೊಡೆಯುತ್ತಿದ್ದ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ನನಗೆ ಎರಡಡಿ ತಗಡು ಸಿಗುತ್ತಿಲ್ಲ. ದೂರದ ಲೆಕ್ಕದಲ್ಲಿ ಮಾತ್ರ ನಾವಿಬ್ಬರೂ ಸಮ.

ಗುರಿ ಹಲಗೆಗೆ ದಪ್ಪ ರಟ್ಟು ಬೇಕಿತ್ತು. ತೋಟದ ಮನೆಯಲ್ಲಿ ದಪ್ಪ ರಟ್ಟು ಎಲ್ಲಿಂದ ಬರಬೇಕು ಹೇಳಿ? ಲಗ್ನಪತ್ರಿಕೆ. ನಮ್ಮ ಮನೆಯ ಬೀರು ಮೇಲೆ ಎರಡು ಕಟ್ಟು ಇರುತ್ತವೆ, ಮುಗಿದ ಮದುವೆಗಳದ್ದು ಒಂದು, ಆಗಬೇಕಾದವುಗಳದ್ದು ಒಂದು. 'ರೀ, ಎಡಗಡೆದು ಹಳೇದು. ಗಣಪತಿ ಇರೋ ಕಡೆ ಹೊಡೀಬೇಡಿ' ಅಂತ ಅಡುಗೆಮನೆಯಿಂದಲೇ ಅಪ್ಪಣೆಯಾಯಿತು. ಗಣಪತಿಯನ್ನು ದರೆ ಕಡೆ ತಿರುಗಿಸಿ, ಹಿಂದಿನ ಖಾಲಿ ಬದಿಗೆ ಒಂದು ರೂಪಾಯಿ ನಾಣ್ಯ ಇಟ್ಟು ಸುತ್ತ ಗೆರೆ ಎಳೆದೆ.

ಬೀರು ಮೇಲೆ ತಡಕಾಡುವಾಗ ಇನ್ನೊಂದು ಡಬ್ಬಿ ಸಿಕ್ಕಿತು. ಅಪ್ಪನದು. ಒಳಗೆ ಹತ್ತಿಪ್ಪತ್ತು ಗುಂಡು, ಸೀಸ ಬಿಳಿ ಪುಡಿ ಹಿಡಿದಿತ್ತು. ಮುಚ್ಚಳದ ಒಳಗೆ ಪೆನ್ಸಿಲ್ಲಿನಲ್ಲಿ ಅಪ್ಪನ ಓರೆ ಅಕ್ಷರ: 'ಒಂದಂಗುಲ ಎಡಕ್ಕೆ ಹಿಡಿಯುವುದು.' ಅಂದರೆ ಈ ಕೋವಿ ಯಾವತ್ತೂ ನೆಟ್ಟಗೆ ಹೊಡೆದದ್ದೇ ಅಲ್ಲ. ಅಪ್ಪ ಯಾರಿಗೂ ಹೇಳದೆ, ರಿಪೇರಿಗೂ ಕೊಡದೆ, ಒಂದಂಗುಲ ಎಡಕ್ಕೆ ಹಿಡಿದುಕೊಂಡು ಇಷ್ಟು ವರ್ಷ ನಮ್ಮೆದುರು ಗುರಿಕಾರ ಅನ್ನಿಸಿಕೊಂಡಿದ್ದರು. ಆ ಲೆಕ್ಕ ಹಳೇ ಸ್ಪ್ರಿಂಗಿನದು, ಈಗ ಉಪಯೋಗಕ್ಕಿಲ್ಲ. ಡಬ್ಬಿಯನ್ನು ಇದ್ದಲ್ಲೇ ಇಟ್ಟೆ.

ಚಪ್ಪಟೆ ತಲೆ ಮೊದಲು. ಮರಳು ತುಂಬಿದ ಗೋಣಿಚೀಲದ ಮೇಲೆ ಕೋವಿಯನ್ನು ಅದುಮಿ ಹಿಡಿದು ಐದು ಈಡು. ಕಾಗದ ತೂತು ಮಾಡುವ ಯಂತ್ರದ ಹಾಗೆ ಚಂದದ ದುಂಡು ತೂತುಗಳು. ಆದರೆ ಒಂದು ಇಲ್ಲಿ, ಒಂದು ಮೈಸೂರಲ್ಲಿ. ಚೂಪು ತಲೆ ಇನ್ನೂ ಅಧ್ವಾನ. ಐದರಲ್ಲಿ ಎರಡು ಕಾರ್ಡಿಗೇ ಬೀಳಲಿಲ್ಲ. ಜರ್ಮನಿಯದು ಪಾಪ ನಿಯತ್ತಾಗಿ ಐದೂ ಕಾರ್ಡಿನ ಒಳಗೇ ಬಿತ್ತು, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಕೇರಂ ಬೋರ್ಡಿನ ಹಾಗೆ.

ಮೂರು ಥರದ ಗುಂಡಿಗೂ ದೋಷ ಇರಲಿಕ್ಕೆ ಸಾಧ್ಯವಾ? ನಳಿಕೆ ಬಗ್ಗಿಸುವಾಗ ಎಡಗೈಗೆ ಏನೋ ಚುಚ್ಚಿತು. ನೋಡಿದರೆ ಮರದ ಹಿಡಿಯನ್ನು ಕೋವಿಗೆ ಕಚ್ಚಿಸುವ ಮುಂದಿನ ಸ್ಕ್ರೂ ಅರ್ಧ ಹೊರಗೆ ಬಂದಿತ್ತು. ಇನ್ನೊಂದು ಸ್ಕ್ರೂ ಬರೀ ಬೆರಳಲ್ಲೇ ತಿರುಗುತ್ತಿತ್ತು. ಸ್ಪ್ರಿಂಗ್ ಕೋವಿಗೆ ಇದಕ್ಕಿಂತ ದೊಡ್ಡ ಕಾಯಿಲೆ ಬೇಕಿಲ್ಲ. ಐದು ಸೋಮವಾರ ಇಟ್ಟುಕೊಂಡ ಮಹಾಶಯ ಎರಡು ಸ್ಕ್ರೂ ಬಿಗಿ ಮಾಡಿರಲಿಲ್ಲ! ಹೆಂಡತಿಯ ಹೊಲಿಗೆ ಮಿಷನ್ ಡಬ್ಬಿಯಿಂದ ಸ್ಕ್ರೂಡ್ರೈವರ್ ತಂದು ಬಿಗಿ ಮಾಡಿದೆ. ಇನ್ನೊಂದು ನೆನಪಾಯಿತು. ಗುಂಡು ನಳಿಕೆಯಿಂದ ಹೊರಬೀಳುವ ಮೊದಲೇ ಇಂಥ ಕೋವಿ ಒಂದು ಸಲ ಕುಣಿಯುತ್ತದೆ. ಅದುಮಿ ಹಿಡಿದಷ್ಟೂ ಗುರಿ ಕೆಡುತ್ತದೆ. 'ಕೋಳಿಮರಿ ಹಿಡಿದ ಹಾಗೆ ಹಿಡಿಯೋ' ಅಂತ ಅಪ್ಪ ಬೈಯುತ್ತಿದ್ದದ್ದು ಇದಕ್ಕೇ. ಚೀಲ ಪಕ್ಕಕ್ಕೆ ತಳ್ಳಿ, ಅಂಗೈ ಮೇಲೆ ಹಗುರವಾಗಿ ಕೂರಿಸಿಕೊಂಡೆ. ಹೊಸ ಕಾರ್ಡು, ಜರ್ಮನಿ ಗುಂಡು. ಐದು ಈಡು.

ಹೋಗಿ ನೋಡಿದರೆ ಐದೂ ಸೇರಿ ಒಂದೇ ತೂತು. ನಾಣ್ಯದ ಗೆರೆಯೊಳಗೆ.

ಖುಷಿಗಿಂತ ಸಿಟ್ಟು ಜಾಸ್ತಿ ಬಂತು. ಕಣದಲ್ಲೇ ನಿಂತು ರಿಪೇರಿಯವನಿಗೆ ಫೋನ್ ಮಾಡಿದೆ. 'ನೋಡಿದ್ರಾ ಸಾರ್, ಒಳ್ಳೇ ಗುಂಡು ಹಾಕಿದ ಮೇಲೆ ಹೆಂಗೆ ಸರಿಯಾಯ್ತು' ಅಂದ. ಸ್ಕ್ರೂ ವಿಷಯ ಕೂಗಿ ಹೇಳಿದೆ. 'ಅದು ಯಾರು ಬೇಕಾದ್ರೂ ಬಿಗಿ ಮಾಡ್ತಾರೆ ಸಾರ್, ಗುಂಡು ಯಾವುದು ಅಂತ ಗೊತ್ತಾಗೋದೇ ಕಷ್ಟ' ಅಂತ ನನಗೇ ಸಮಾಧಾನ ಹೇಳಿ ಇಟ್ಟ.

ಆ ಹೊತ್ತಿಗೆ ಮೇಲಿನ ತೋಟದ ಗೌಡರ ಜೀಪು ಬಂತು. ಮುಂದಿನ ವಾರ ಅವರ ಮಗನ ಮದುವೆ. 'ಕೂತ್ಕೊಳ್ಳೋಕೆ ಟೈಮಿಲ್ಲ ಮಾರಾಯ್ರೆ. ಪ್ರೆಸ್ಸಿನವನು ಮುಹೂರ್ತದ ಟೈಮ್ ತಪ್ಪು ಹೊಡೆದಿದ್ದಾನೆ. 9.15 ಅಂತ ಇರಬೇಕಿತ್ತು, 10.15 ಅಂತ ಬಂದಿದೆ. ಮನೆ ಮನೆಗೆ ಹೋಗಿ ಪೆನ್ನಲ್ಲಿ ತಿದ್ದುತಾ ಇದ್ದೀನಿ. ನಿಮ್ಮ ಕಾರ್ಡ್ ಕೊಡಿ' ಅಂದರು. ಕೈಯಲ್ಲಿ ಪೆನ್ನು ಮುಚ್ಚಳ ತೆಗೆದು ತಯಾರಾಗಿತ್ತು.

ಹೆಂಡತಿ ಒಳಗೆ ಹೋದಳು. ಬಲಗಡೆ ಕಟ್ಟು ತಂದಳು, ಎಣಿಸಿದಳು. ಎಡಗಡೆ ಕಟ್ಟು ತಂದಳು. ಆಮೇಲೆ ನಿಧಾನವಾಗಿ ನನ್ನ ಕಡೆ ನೋಡಿದಳು. ನಾನು ಬೇಡಬೇಡ ಅಂದುಕೊಂಡೇ ಹಲಗೆಯ ಕಡೆ ನೋಡಿದೆ. ನಾನು ನೋಡಿದ ಕಡೆ ಗೌಡರು ನೋಡಿದರು. ಕಣ ದಾಟಿ ಹೋದರು. ಮೊಳೆ ಕಿತ್ತು ಕಾರ್ಡು ತಿರುಗಿಸಿದರು. ಗಣಪತಿ ಕ್ಷೇಮ. ವಧು ಕ್ಷೇಮ, ವರ ಕ್ಷೇಮ, ಕಲ್ಯಾಣ ಮಂಟಪ ಕ್ಷೇಮ. 'ಮುಹೂರ್ತ: ಬೆಳಿಗ್ಗೆ' ಅನ್ನುವ ತನಕ ಚೆನ್ನಾಗಿತ್ತು. ಅದರ ಮುಂದೆ ತೂತು. ಗೌಡರು ಅದರೊಳಗೆ ಕಿರುಬೆರಳು ತೂರಿಸಿ ನೋಡಿದರು. ಕಿರುಬೆರಳು ಆ ಕಡೆ ಬಂತು.

ಏನಾದರೂ ಹೇಳಬೇಕಲ್ಲ. ನನ್ನ ಬಾಯಿಂದ ತಾನಾಗಿ ಬಂದದ್ದು ಇದು: 'ಗುಂಡಿನ ದೋಷ ಗೌಡ್ರೆ.'

ಗೌಡರು ಪೆನ್ನಿನ ಮುಚ್ಚಳ ಹಾಕಿದರು. 'ತಿದ್ದೋ ಕೆಲಸವನ್ನೇ ಇಡಲಿಲ್ಲ ನೀವು. ಇನ್ನೂ 60 ಮನೆ ಬಾಕಿ ಇದೆ. ಕೋವಿ ತಗೊಂಡು ಜೀಪು ಹತ್ತಿ' ಅಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿ ಕಾಫಿ ತರಲು ಹೋದಳು. ನಗು ಬಂದದ್ದಕ್ಕೋ ಮುಖ ಮುಚ್ಚಿಕೊಳ್ಳಲಿಕ್ಕೋ ಗೊತ್ತಾಗಲಿಲ್ಲ. ಹೊಸ ಕಾರ್ಡು ಕೊಟ್ಟು, ಸಮಯ ತಿದ್ದಿ, 'ಇದನ್ನಾದ್ರೂ ಒಳಗಿಡಿ' ಅಂದರು. ಈ ಕಥೆ ಮದುವೆ ಮನೆಯಲ್ಲಿ ನನಗಿಂತ ಮೊದಲು ತಲುಪಿರುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಕಾಫಿ ಕುಡಿದು ಏಳುವಾಗ ಗೌಡರಿಗೆ ನೆನಪಾಯಿತು. 'ಹಾಂ, ಚಪ್ಪರಕ್ಕೆ ಬಾಳೆಗೊನೆ ಬೇಕಿತ್ತು. ನಿಮ್ಮ ಹಿತ್ತಲಲ್ಲಿ ಒಂದು ಒಳ್ಳೇ ಗೊನೆ ಇತ್ತಲ್ಲ?'

ಮೂವರೂ ಹಿತ್ತಲ ಕಡೆ ತಿರುಗಿದೆವು. ಗೊನೆ ಇದ್ದಲ್ಲಿ ಬರೀ ದಿಂಡು ನೇತಾಡುತ್ತಿತ್ತು. ಪಕ್ಕದ ತಗಡು ಮೆಲ್ಲಗೆ ಅಲ್ಲಾಡುತ್ತಿತ್ತು. ಅದರ ಮೇಲೆ ಒಂದು ಮರಿ ಉಯ್ಯಾಲೆ ಆಡುತ್ತಾ ಕೊನೆಯ ಹಣ್ಣಿನ ಸಿಪ್ಪೆ ಸುಲಿಯುತ್ತಿತ್ತು.