ಆರನೇ ರೌಂಡಿನಲ್ಲಿ ಎಡಗೈ ಎಲ್ಲಿದೆ?

ಬಾಕ್ಸರ್ ನಿಶಾಂತ್ ದೇವ್ ಹೆಸರು ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಕಡೆಯವರಿಗೆ ಹೊಸದೇನಲ್ಲ. ಹರಿಯಾಣದ ಕರ್ನಾಲ್ ಹುಡುಗ, ಆದರೆ ಪಳಗಿದ್ದು ನಮ್ಮ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ, ನ್ಯಾಷನಲ್ಸ್‌ನಲ್ಲಿ ಇಳಿದದ್ದು ಕರ್ನಾಟಕದ ಹೆಸರಲ್ಲಿ. 2021ರ ಸೆಪ್ಟೆಂಬರಿನಲ್ಲಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಅಲ್ಲೇ ನಡೆದಾಗ 71 ಕೆಜಿ ಚಿನ್ನ ಅವನದೇ. 2023ರಲ್ಲಿ ತಾಷ್ಕೆಂಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಮೆಕ್ಸಿಕೊದ ಮಾರ್ಕೊ ವೆರ್ಡೆ ಎದುರು ಸೋಲು. 2025ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಪ್ರೊ ಆಗಿ, ಅಂದರೆ ದುಡ್ಡಿಗೆ ಆಡುವ ವೃತ್ತಿಪರನಾಗಿ, ಮೊದಲ ಬೌಟ್, ಮೊದಲ ರೌಂಡಿನಲ್ಲೇ ಕೆಲಸ ಮುಗಿಸಿದ.

ಆ ಬೌಟ್‌ನ ವಿಡಿಯೊ ನೋಡಿದ ಮೇಲೆ ಸಂಡೂರು, ಬಳ್ಳಾರಿ ಕಡೆಯ ಹುಡುಗರ ಬಾಯಲ್ಲಿ ಒಂದೇ ಮಾತು: "ಅಣ್ಣಾ, ನಾವೂ ಪ್ರೊ ಆಗ್ತೀವಿ." ಆಗಲಿ, ಬೇಡ ಅನ್ನುವವರು ಯಾರು. ಆದರೆ ಅಮೆಚೂರ್‌ನಿಂದ (ನ್ಯಾಷನಲ್ಸ್, ಒಲಿಂಪಿಕ್ಸ್ ಥರದ ಪದಕದ ಆಟದಿಂದ) ಪ್ರೊಗೆ ಹೋಗುವುದನ್ನು ಏಳನೇ ಕ್ಲಾಸಿನಿಂದ ಎಂಟಕ್ಕೆ ಪಾಸಾದ ಹಾಗೆ ಲೆಕ್ಕ ಹಾಕುತ್ತಾರಲ್ಲ, ತೊಂದರೆ ಇರುವುದು ಅಲ್ಲಿ. ಇದು ಶಾಲೆಯನ್ನೇ ಬದಲಿಸಿದ ಹಾಗೆ. ಹಳೇ ಶಾಲೆಯಲ್ಲಿ ನೂರಕ್ಕೆ ನೂರು ತಂದುಕೊಟ್ಟ ಅಭ್ಯಾಸವೇ ಇಲ್ಲಿ ಕಾಲಿಗೆ ತೊಡರುತ್ತದೆ.

ಗರಡಿ ಮನೆ ನೋಡಿ ಬೆಳೆದವರಿಗೆ ಇದು ಬೇಗ ಹೊಳೆಯಬೇಕು. ಮಣ್ಣಿನ ಕುಸ್ತಿಯಲ್ಲಿ ಹೆಸರು ಮಾಡಿದ ಪೈಲ್ವಾನ ಮ್ಯಾಟ್ ಮೇಲೆ ಹೋದರೆ ಪಟ್ಟೆಲ್ಲ ಗೊತ್ತಿದ್ದೂ ಸೋಲುತ್ತಾನೆ. ಮೂರು ಮೂರು ನಿಮಿಷದ ಎರಡು ಸುತ್ತಿನಲ್ಲಿ ಚಕಚಕ ಪಾಯಿಂಟ್ ಎತ್ತಿದವನೇ ಅಲ್ಲಿ ಗೆದ್ದವನು. ಬಾಕ್ಸಿಂಗ್‌ನಲ್ಲಿ ದಾರಿ ಉಲ್ಟಾ. ಪಾಯಿಂಟಿನ ಆಟದಿಂದ ದಮ್ಮಿನ ಆಟಕ್ಕೆ ಹೋಗಬೇಕು.

ಲೆಕ್ಕ ನೋಡಿ. ಅಮೆಚೂರ್ ಬೌಟ್ ಅಂದರೆ ಮೂರು ನಿಮಿಷದ ಮೂರು ರೌಂಡು, ಒಟ್ಟು 9 ನಿಮಿಷ. ಪ್ರೊನಲ್ಲಿ ಹೊಸಬನಿಗೆ ನಾಲ್ಕೋ ಆರೋ ರೌಂಡು, ಆಮೇಲೆ ಎಂಟು, ಹತ್ತು, ವಿಶ್ವ ಟೈಟಲ್‌ಗೆ ಹನ್ನೆರಡು. ಹನ್ನೆರಡು ಮೂರಲಿ 36 ನಿಮಿಷ. ಒಂಬತ್ತು ನಿಮಿಷಕ್ಕೆ ಪಳಗಿದವನು ಗಂಟೆ ಬಾರಿಸಿದ ಕೂಡಲೇ ಕುಣಿಯುತ್ತಾನೆ, ಒಳಗೆ ನುಗ್ಗಿ ನಾಲ್ಕೈದು ಹೊಡೆತ ಕೊಟ್ಟು ಹೊರಗೆ ಜಾರುತ್ತಾನೆ. ಐದು ಜನ ಜಡ್ಜ್‌ಗಳ ಕಣ್ಣಿಗೆ ಕಾಣಲಿ ಅಂತ ಹೊಡೆಯುವ ಹೊಡೆತ ಅವು, ಎದುರಾಳಿಗೆ ನೋಯಬೇಕು ಅಂತ ಏನಿಲ್ಲ. ಬಿದ್ದು ರೆಫ್ರಿಯಿಂದ ಎಣಿಸಿಕೊಂಡವನೂ ಅದೇ ರೌಂಡನ್ನು ಗೆಲ್ಲಬಹುದು, ಯಾಕಂದರೆ ಬೀಳಿಸಿದ ಹೊಡೆತಕ್ಕೆ ಅಲ್ಲಿ ಬೇರೆ ಬೆಲೆ ಇಲ್ಲ. ಪ್ರೊನಲ್ಲಿ ಮೂರು ಜನ ಜಡ್ಜ್, ಒಂದು ಸಲ ಕೆಳಗೆ ಬಿದ್ದರೆ ಸಾಮಾನ್ಯವಾಗಿ ಆ ರೌಂಡು 10-8, ಅಂದರೆ ಬೀಳಿಸಿದವನಿಗೆ 10, ಬಿದ್ದವನಿಗೆ 8 ಪಾಯಿಂಟ್. ಅಮೆಚೂರ್ ರೆಫ್ರಿ ಹುಡುಗ ತತ್ತರಿಸಿದರೆ ನಿಂತಿದ್ದಾಗಲೇ ಎಂಟರವರೆಗೆ ಎಣಿಸಿ ಉಸಿರು ಕೊಡುತ್ತಾನೆ. ಪ್ರೊನಲ್ಲಿ ಆ ದಯೆ ಬಹುತೇಕ ಕಡೆ ಇಲ್ಲ; ತತ್ತರಿಸಿದವನ ಮೇಲೆ ಎದುರಾಳಿ ಬಂದೇ ಬರುತ್ತಾನೆ.

ಕೆಡುವುದು ಎಲ್ಲಿ ಅಂದರೆ ಐದನೇ ರೌಂಡಿನಲ್ಲಿ. ಮೊದಲ ಮೂರು ರೌಂಡು ನಮ್ಮ ಚಾಂಪಿಯನ್ ಚೆನ್ನಾಗಿಯೇ ಕಾಣುತ್ತಾನೆ. ನಾಲ್ಕರಲ್ಲಿ ಕಾಲು ಕುಣಿಯುವುದು ನಿಲ್ಲುತ್ತದೆ. ಹೊಡೆಯುವಾಗ ಉಸಿರು ಬಿಗಿಹಿಡಿಯುವ ಚಾಳಿ ಇದ್ದವನಿಗೆ ಐದರಲ್ಲಿ ಹೆಗಲು ಕಲ್ಲಾಗುತ್ತದೆ. ಮೊದಲು ಇಳಿಯುವುದು ಎಡಗೈ. ಜಬ್ (ಮುಂದಿನ ಕೈಯ ನೇರ ಹೊಡೆತ) ಹಾಕಿ ವಾಪಸ್ ಗಲ್ಲಕ್ಕೆ ತರಬೇಕಾದ ಕೈ ಎದೆಯ ಹತ್ತಿರವೇ ನಿಂತುಬಿಡುತ್ತದೆ, ಅದರ ಮೇಲಿಂದ ಬಲಗೈ ಬರುತ್ತದೆ. ಎದುರಿನ ಕಾರ್ನರ್‌ನಲ್ಲಿ ಕೂತ ಹಳೇ ಹುಲಿಗಳು ಕಾಯುವುದೇ ಇದಕ್ಕೆ. ಮೊದಲ ರೌಂಡಿನಿಂದಲೇ ಹೊಟ್ಟೆಗೆ, ಪಕ್ಕೆಗೆ ಹೊಡೆಸುತ್ತಾರೆ. ಬಾಡಿ ಪಂಚ್ ಬಿತ್ತಿದ ಬೀಜದ ಹಾಗೆ, ಬೆಳೆ ಬರುವುದು ತಡವಾಗಿ. ಮೂರೇ ರೌಂಡಿನ ಆಟದಲ್ಲಿ ಅದಕ್ಕೆ ಟೈಮೇ ಇಲ್ಲ. ಹೀಗಾಗಿ ಅಮೆಚೂರ್‌ನವನು ಬಾಡಿ ಪಂಚ್ ಸರಿಯಾಗಿ ಕೊಡಲೂ ಕಲಿತಿರುವುದಿಲ್ಲ, ತಿನ್ನಲೂ ಕಲಿತಿರುವುದಿಲ್ಲ.

ಲೊಮಚೆಂಕೊ ಕಥೆ ಗೊತ್ತಿರಬಹುದು. ಉಕ್ರೇನಿನವನು, 2008 ಮತ್ತು 2012ರಲ್ಲಿ ಒಲಿಂಪಿಕ್ ಚಿನ್ನ, ಅಮೆಚೂರ್‌ನಲ್ಲಿ 396 ಗೆಲುವಿಗೆ ಒಂದೇ ಸೋಲು. ಅಂಥವನು 2014ರ ಮಾರ್ಚ್‌ನಲ್ಲಿ ತನ್ನ ಎರಡನೇ ಪ್ರೊ ಬೌಟ್‌ನಲ್ಲೇ ವಿಶ್ವ ಟೈಟಲ್‌ಗೆ ಇಳಿದ. ಎದುರಿಗೆ ಒರ್ಲಾಂಡೊ ಸಲಿಡೊ, ಡಜನ್‌ಗಟ್ಟಲೆ ಪ್ರೊ ಬೌಟ್ ಆಡಿದ ಮೆಕ್ಸಿಕನ್. ಸಲಿಡೊ ತೂಕವನ್ನೇ ಇಳಿಸಿಕೊಂಡು ಬರಲಿಲ್ಲ, ಬೆಲ್ಟಿನ ಕೆಳಗೂ ಧಾರಾಳವಾಗಿ ಹೊಡೆದ, ತಬ್ಬಿಕೊಂಡ, ನೂಕಿದ. ಸ್ಪ್ಲಿಟ್ ಡಿಸಿಷನ್‌ನಲ್ಲಿ, ಅಂದರೆ ಜಡ್ಜ್‌ಗಳ ಒಡೆದ ತೀರ್ಪಿನಲ್ಲಿ, ಲೊಮಚೆಂಕೊ ಸೋತ. ಮೋಸ ಅಂತ ಕೂಗಿದವರು ಬಹಳ. ನನ್ನ ಲೆಕ್ಕದಲ್ಲಿ ಅದು ಪ್ರೊ ಬಾಕ್ಸಿಂಗ್‌ನ ಫೀಸು. ಮೂರು ತಿಂಗಳು ಬಿಟ್ಟು ಮೂರನೇ ಬೌಟ್‌ನಲ್ಲಿ ಗ್ಯಾರಿ ರಸೆಲ್‌ನನ್ನು ಸೋಲಿಸಿ ಟೈಟಲ್ ಗೆದ್ದ. ಆದರೆ ಅವನು ಲೊಮಚೆಂಕೊ. ಉಳಿದವರಿಗೆ ಅಂಥ ಒಂದು ಸೋಲು ಎರಡು ವರ್ಷ ತಿನ್ನುತ್ತದೆ.

ಇನ್ನು ಗ್ಲೌಸ್. 71 ಕೆಜಿಯವನು ಅಮೆಚೂರ್‌ನಲ್ಲಿ ಹಾಕುವುದು 12 ಔನ್ಸ್, ಅಂದರೆ 340 ಗ್ರಾಂ. ಪ್ರೊನಲ್ಲಿ ಅದೇ ಹುಡುಗ 69.85 ಕೆಜಿಯ ಸೂಪರ್ ವೆಲ್ಟರ್ ತೂಕದ ವರ್ಗಕ್ಕೆ ಹೋದರೆ 10 ಔನ್ಸ್, ಸುಮಾರು 284 ಗ್ರಾಂ. ವೆಲ್ಟರ್ ಮತ್ತು ಅದಕ್ಕಿಂತ ಕೆಳಗಿನವರಿಗೆ 8 ಔನ್ಸ್, 227 ಗ್ರಾಂ. ಐವತ್ತು ಗ್ರಾಂ ಏನು ಮಹಾ ಅನ್ನಿಸುತ್ತದೆ. ದೊಡ್ಡ ಗ್ಲೌಸ್ ಮುಖಕ್ಕೆ ತಡಿಕೆ ಕಟ್ಟಿದ ಹಾಗೆ ಇರುತ್ತದೆ, ಎರಡು ಕೈ ಎತ್ತಿ ನಿಂತರೆ ಮುಖ ಮುಚ್ಚುತ್ತದೆ. ಸಣ್ಣ ಗ್ಲೌಸ್ ಹಾಕಿ ಹಾಗೇ ನಿಂತರೆ ನಡುವೆ ಕಿಂಡಿ ಬೀಳುತ್ತದೆ, ಕೆಳಗಿನಿಂದ ಮೇಲಕ್ಕೆ ಹೊಡೆಯುವ ಅಪ್ಪರ್‌ಕಟ್ ಅಲ್ಲಿಂದಲೇ ಬರುತ್ತದೆ. ಕೈ ಎತ್ತಿ ನಿಲ್ಲುವುದು ಸಾಲದು, ತಲೆ ಅಲ್ಲಾಡಿಸಬೇಕು, ಹೊಡೆತವನ್ನು ಅಂಗೈಯಲ್ಲಿ ತಡೆದು ಬದಿಗೆ ತಳ್ಳಬೇಕು.

ಕೈಗೆ ಕಟ್ಟುವುದರಲ್ಲೂ ಅಷ್ಟೇ ವ್ಯತ್ಯಾಸ. ಜಿಲ್ಲಾ ಮಟ್ಟದ ಹುಡುಗ ಐದು ಸೆಂಟಿಮೀಟರ್ ಅಗಲ, ನಾಲ್ಕೂವರೆ ಮೀಟರ್ ಉದ್ದದ ಬಟ್ಟೆಯ ಪಟ್ಟಿಯನ್ನು ತಾನೇ ಸುತ್ತಿಕೊಂಡು ಬರುತ್ತಾನೆ. ಪ್ರೊ ಬೌಟ್‌ನಲ್ಲಿ ಗಾಜ್ ಬಟ್ಟೆ ಮತ್ತು ಆಸ್ಪತ್ರೆಯ ಅಂಟು ಟೇಪು. ಡ್ರೆಸ್ಸಿಂಗ್ ರೂಮಿನಲ್ಲಿ ಕುರ್ಚಿಯನ್ನು ಹಿಂದುಮುಂದಾಗಿ ಹಾಕಿ ಕೂರಿಸಿ, ಅದರ ಬೆನ್ನಿನ ಮೇಲೆ ಮುಂಗೈ ಇಡಿಸಿ, ಬೆರಳು ಅಗಲಿಸಿ ಹಿಡಿ ಅನ್ನುತ್ತಾರೆ. ಮೊದಲು ಮಣಿಕಟ್ಟು, ಆಮೇಲೆ ಗೆಣ್ಣಿನ ಮೇಲೆ ಮಡಿಸಿದ ಗಾಜ್‌ನ ಮೆತ್ತೆ, ಬೆರಳ ಸಂದಿಯಲ್ಲಿ ಸಪೂರ ಟೇಪು. ಹೊಡೆಯುವ ಗೆಣ್ಣಿನ ಮೇಲೆ ಟೇಪು ಬರಕೂಡದು, ಬಂದರೆ ಬಿಚ್ಚಿಸುತ್ತಾರೆ. ಎದುರು ಪಾರ್ಟಿಯವನೊಬ್ಬ ಕಣ್ಣು ಮಿಟುಕಿಸದೆ ನಿಂತಿರುತ್ತಾನೆ. ಮುಗಿದ ಮೇಲೆ ಅಧಿಕಾರಿ ಟೇಪಿನ ಮೇಲೆ ಪೆನ್ನಿನಲ್ಲಿ ಸಹಿ ಹಾಕುತ್ತಾನೆ. ಮುಷ್ಟಿ ಬಿಗಿದಾಗ ಬಿಗಿ, ಬಿಟ್ಟಾಗ ಸಡಿಲ ಇರಬೇಕು. ಬೆರಳು ಮುಚ್ಚಿಕೊಂಡೇ ಕಟ್ಟಿಸಿಕೊಂಡವನ ಕೈ ಎರಡನೇ ರೌಂಡಿಗೇ ಜೋಮು ಹಿಡಿಯುತ್ತದೆ.

ತೂಕದ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಭಯ. ಅಮೆಚೂರ್ ಟೂರ್ನಿಯಲ್ಲಿ ಬೌಟ್ ಇರುವ ದಿನ ಬೆಳಿಗ್ಗೆಯೇ ತೂಕ. ಹೀಗಾಗಿ ಜಾಸ್ತಿ ಒಣಗಿಸಿಕೊಳ್ಳಲು ಆಗುವುದಿಲ್ಲ. ಪ್ರೊನಲ್ಲಿ ಹಿಂದಿನ ದಿನ ತೂಕ, ನಡುವೆ ಇಡೀ ದಿನ ಇದೆ ಅಂತ ನಾಲ್ಕೈದು ಕೆಜಿ ನೀರು ಇಳಿಸುವವರಿದ್ದಾರೆ. ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಪ್ಲಾಸ್ಟಿಕ್ ಸೂಟ್ ಹಾಕಿ ಓಡಿದರೆ ಬೆವರು ಆರುವುದಿಲ್ಲ, ಮೈಯ ಕಾವು ಏರುತ್ತಲೇ ಹೋಗುತ್ತದೆ, ಅದು ಜೀವಕ್ಕೇ ಅಪಾಯ. ನೀರು ಬತ್ತಿದ ಮೈ ತಲೆಗೆ ಬಿದ್ದ ಹೊಡೆತವನ್ನೂ ಸರಿಯಾಗಿ ತಡೆಯುವುದಿಲ್ಲ. ಕೊಬ್ಬನ್ನು ಆರೆಂಟು ವಾರದಲ್ಲಿ ನಿಧಾನಕ್ಕೆ ಇಳಿಸಬೇಕು. ಕೊನೆಯ ವಾರ ಉಪ್ಪಿನಕಾಯಿ, ಚಟ್ನಿಪುಡಿ, ಮಂಡಕ್ಕಿ ಮಿರ್ಚಿ ಬಂದ್. ಉಪ್ಪು ನೀರನ್ನು ಹಿಡಿದಿಡುತ್ತದೆ. ತೂಕ ಕೊಟ್ಟ ಮೇಲೆ ಕಳೆದ ಪ್ರತಿ ಕೆಜಿಗೆ ಒಂದೂವರೆ ಲೀಟರ್ ಲೆಕ್ಕದಲ್ಲಿ ಒಆರ್‌ಎಸ್, ನೀರು, ಗುಟುಕು ಗುಟುಕಾಗಿ, ಗಂಟೆಗಟ್ಟಲೆ. ಗಂಜಿ, ಅನ್ನ ಮೊಸರು ಸಾಕು. ಅವತ್ತು ರಾತ್ರಿಯೇ ಮಟನ್ ಊಟಕ್ಕೆ ಕೂತರೆ ಬೆಳಿಗ್ಗೆ ಹೊಟ್ಟೆಯೇ ಎದುರಾಳಿ.

ದುಡ್ಡು. ಮೊದಮೊದಲ ಪರ್ಸ್, ಅಂದರೆ ಒಂದು ಬೌಟ್‌ಗೆ ಸಿಗುವ ದುಡ್ಡು, ಒಂದು ಲಕ್ಷ ಅಂತಲೇ ಇಟ್ಟುಕೊಳ್ಳಿ. ಮ್ಯಾನೇಜರ್ ಮೂರನೇ ಒಂದು ಭಾಗದವರೆಗೂ ಕೇಳಬಹುದು, ಕೋಚ್‌ಗೆ ಹತ್ತು ಸಾವಿರ. ಕೈಯಲ್ಲಿ ಐವತ್ತೇಳು ಸಾವಿರ ಉಳಿಯಿತು. ಅದರಲ್ಲಿ ಎರಡು ತಿಂಗಳ ಊಟ, ಸ್ಪಾರಿಂಗ್ ಪಾರ್ಟ್‌ನರ್ (ಅಭ್ಯಾಸಕ್ಕೆ ಎದುರು ನಿಲ್ಲುವವನು), ಎಚ್‌ಐವಿ ಮತ್ತು ಹೆಪಟೈಟಿಸ್ ರಕ್ತಪರೀಕ್ಷೆ, ಕಣ್ಣು, ತಲೆಯ ಎಂಆರ್‌ಐ. ಮೆಡಲ್ ಇದ್ದವನಿಗೆ ಬೌಟ್ ಏರ್ಪಡಿಸುವ ಪ್ರಮೋಟರ್ ಖರ್ಚು ಹಾಕುತ್ತಾನೆ; ಇಲ್ಲದವನು ಸಣ್ಣ ಶೋಗಳಲ್ಲಿ ತನ್ನ ಟಿಕೆಟ್ಟನ್ನು ತಾನೇ ಮಾರಬೇಕು. ಸ್ಪೋರ್ಟ್ಸ್ ಕೋಟಾದಲ್ಲಿ ಪೊಲೀಸೋ ರೈಲ್ವೆಯೋ ಸಿಕ್ಕಿದ್ದರೆ ಇಲಾಖೆಯ ಅನುಮತಿ ಬೇರೆ. ವಿಜೇಂದರ್ ಸಿಂಗ್ ಹರಿಯಾಣದಲ್ಲಿ ಡಿಎಸ್‌ಪಿ ಆಗಿದ್ದುಕೊಂಡೇ ಪ್ರೊ ಆದಾಗ ವಿಷಯ ಹೈಕೋರ್ಟ್‌ವರೆಗೆ ಹೋಗಿತ್ತು.

ವಿಜೇಂದರ್ ಲೆಕ್ಕ ನನಗೆ ಇವತ್ತಿಗೂ ಪಾಠ. 2008ರಲ್ಲಿ ಬೀಜಿಂಗ್ ಕಂಚು, 2015ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪ್ರೊ ಆಗಿ ಮೊದಲ ಬೌಟ್. ಆಗಲೇ ಮೂವತ್ತು ಮುಟ್ಟುತ್ತಿದ್ದ. 2016ರಲ್ಲಿ ದೆಹಲಿಯಲ್ಲಿ ಕೆರ್ರಿ ಹೋಪ್‌ನನ್ನು ಸೋಲಿಸಿ ಡಬ್ಲ್ಯುಬಿಒ (ವಿಶ್ವ ಬಾಕ್ಸಿಂಗ್ ಸಂಸ್ಥೆ) ಏಷ್ಯಾ ಪೆಸಿಫಿಕ್ ಬೆಲ್ಟ್. 2017ರ ಡಿಸೆಂಬರ್‌ನಿಂದ 2019ರ ಜುಲೈವರೆಗೆ ಒಂದೂ ಬೌಟ್ ಇಲ್ಲ. ಸತತ ಹನ್ನೆರಡು ಗೆದ್ದವನು 2021ರ ಮಾರ್ಚ್‌ನಲ್ಲಿ ಗೋವಾದ ಕ್ಯಾಸಿನೊ ಹಡಗಿನ ಮೇಲೆ ರಷ್ಯಾದ ಲೊಪ್ಸಾನ್ ಕೈಯಲ್ಲಿ ಸೋತ. ಯಾವ ರೌಂಡಿನಲ್ಲಿ? ಐದನೆಯದರಲ್ಲಿ. ರೆಕಾರ್ಡಿನಲ್ಲಿ ಸೊನ್ನೆ ಸೋಲು ಇದ್ದರೆ ಚಂದ ಕಾಣುತ್ತದೆ, ಆದರೆ ಆ ಸೊನ್ನೆ ಕಾಪಾಡಲು ವರ್ಷಕ್ಕೆ ಒಂದೋ ಎರಡೋ ಆಡುತ್ತ ಕೂತರೆ ಕೈ ತುಕ್ಕು ಹಿಡಿಯುತ್ತದೆ. ಮೊದಲ ಎರಡು ವರ್ಷ ವರ್ಷಕ್ಕೆ ಐದಾರು ಬೌಟ್ ಕೊಡಿಸುತ್ತೇವೆ ಅಂತ ಕರಾರಿನಲ್ಲಿ ಬರೆಸಿಕೊಳ್ಳಿ. ಗಾಯವಾದರೆ ಕರಾರು ತಾನಾಗಿ ಮುಂದಕ್ಕೆ ಹೋಗುವ ಷರತ್ತು ಎಲ್ಲಿದೆ ಅಂತ ವಕೀಲರಿಂದ ಓದಿಸಿ. ಪ್ರಮೋಟರ್ ಮತ್ತು ಮ್ಯಾನೇಜರ್ ಒಬ್ಬನೇ ಆಗಿದ್ದರೆ ಎದ್ದು ಬನ್ನಿ. ನಿಮ್ಮ ಪರ್ಸ್ ಏರಿಸಬೇಕಾದವನೂ ಇಳಿಸಬೇಕಾದವನೂ ಒಬ್ಬನೇ ಅಂತಾಯಿತಲ್ಲ.

ಕೋಚ್‌ಗಳಿಗೆ ಒಂದು ಮಾತು. ಹುಡುಗ ಪ್ರೊ ಅಂದ ದಿನ ವಾದ ಮಾಡಬೇಡಿ. ಮೂರು ಜನ ಸ್ಪಾರಿಂಗ್ ಪಾರ್ಟ್‌ನರ್ ಕರೆಸಿ. ಎಲ್ಲರಿಗೂ 16 ಔನ್ಸ್ ಗ್ಲೌಸ್, ಹೆಡ್‌ಗಾರ್ಡ್. ಎರಡೆರಡು ರೌಂಡಿಗೆ ಒಬ್ಬ ಹೊಸಬ ಒಳಗೆ ಬರಲಿ, ನಮ್ಮ ಹುಡುಗ ಆರೂ ರೌಂಡು ನಿಲ್ಲಲಿ, ನಡುವೆ ಒಂದೇ ನಿಮಿಷ ವಿಶ್ರಾಂತಿ. ಮೂರನೆಯವನಿಗೆ ಬರೀ ಹೊಟ್ಟೆಗೆ, ಪಕ್ಕೆಗೆ ಹೊಡಿ ಅಂತ ಹೇಳಿ ಕಳಿಸಿ. ಫೋನನ್ನು ಕಾರ್ನರ್ ಕಂಬಕ್ಕೆ ಕಟ್ಟಿ ರೆಕಾರ್ಡ್ ಮಾಡಿ. ಆಮೇಲೆ ಹುಡುಗನನ್ನೇ ಕೂರಿಸಿಕೊಂಡು ಆರನೇ ರೌಂಡಿನ ಕೊನೆಯ ನಿಮಿಷ ಹಾಕಿ, ಪ್ರತಿ ಜಬ್ ಆದ ಮೇಲೆ ಎಡಗೈ ಎಲ್ಲಿಗೆ ವಾಪಸ್ ಬರುತ್ತಿದೆ ನೋಡಿ. ಗಲ್ಲಕ್ಕೆ ಬರುತ್ತಿದ್ದರೆ ಪ್ರಮೋಟರ್‌ಗೆ ಫೋನ್ ಹಚ್ಚಿ. ಎದೆಯ ಹತ್ತಿರ ನಿಂತಿದ್ದರೆ ಇನ್ನೊಂದು ವರ್ಷ ನ್ಯಾಷನಲ್ಸ್ ಆಡಿಸಿ.