ಮೊದಲು ಎರರ್ ಓದೋದನ್ನು ಕಲಿಸೋಣ

ಅಮೆರಿಕದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಸಂಜೆ ಹೊತ್ತು ವೆಬ್ ಮತ್ತು ಮೊಬೈಲ್ ಆ್ಯಪ್ ಪ್ರೋಗ್ರಾಮಿಂಗ್ ಪಾಠ ಮಾಡುತ್ತೇನೆ. ಪ್ರತಿ ಸೆಮಿಸ್ಟರ್ ಶುರುವಾಗುವ ಮುಂಚೆ ಪರಿಚಯದವರು ಯಾರಾದರೂ ಕೇಳುತ್ತಾರೆ: "ಈ ಸಲ ಏನು ಕಲಿಸ್ತೀರಿ, ರಿಯಾಕ್ಟಾ, ಫ್ಲಟರಾ?" ರಿಯಾಕ್ಟ್ ವೆಬ್ ಪುಟಗಳನ್ನು, ಫ್ಲಟರ್ ಮೊಬೈಲ್ ಆ್ಯಪ್‌ಗಳನ್ನು ಕಟ್ಟಲು ಬಳಸುವ ಸಿದ್ಧ ಉಪಕರಣಗಳು. ಮೊದಲ ಆರು ವಾರ ಎರಡೂ ಇಲ್ಲ ಅಂದರೆ ಅವರಿಗೆ ಸಮಾಧಾನವಾಗುವುದಿಲ್ಲ. ಬರೀ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಬ್ರೌಸರ್, ಮತ್ತೆ ಅದರ ಕನ್ಸೋಲಿನಲ್ಲಿ, ಅಂದರೆ ಕೋಡಿನ ತಪ್ಪುಗಳನ್ನು ತೋರಿಸುವ ಕಿಟಕಿಯಲ್ಲಿ, ಕೆಂಪಗೆ ಬಂದು ಕೂರುವ ಎರರ್ ಸಾಲುಗಳು. ಯಾಕೆ ಹೀಗೆ ಅನ್ನೋದನ್ನು ಒಮ್ಮೆ ಉದ್ದಕ್ಕೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಈ ಕಾಲೇಜುಗಳ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾದ ಜೂನಿಯರ್ ಕಾಲೇಜಿನಿಂದ ಈ ಪರಂಪರೆ ಬೆಳೆದು ಬಂದಿದೆ. ಎರಡು ವರ್ಷದ ಅಸೋಸಿಯೇಟ್ ಪದವಿ. ಆಮೇಲೆ ಕೆಲಸಕ್ಕೆ ಸೇರಬಹುದು, ಇಲ್ಲವೇ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದು. ದೊಡ್ಡ ವಿಶ್ವವಿದ್ಯಾಲಯಗಳು ಆರಿಸಿ ಸೇರಿಸಿಕೊಳ್ಳುತ್ತವೆ, ಇಲ್ಲಿ ಬಾಗಿಲು ಬಹುಮಟ್ಟಿಗೆ ಎಲ್ಲರಿಗೂ ತೆರೆದೇ ಇರುತ್ತದೆ. ಹಾಗಾಗಿ ನನ್ನ ತರಗತಿಯಲ್ಲಿ ಹದಿನೆಂಟರ ಹುಡುಗನ ಪಕ್ಕದಲ್ಲೇ ಐವತ್ತು ದಾಟಿದ ಗೋದಾಮಿನ ಕೆಲಸಗಾರ ಕೂತಿರುತ್ತಾರೆ. ಮಗುವನ್ನು ಯಾರ ಹತ್ತಿರವೋ ಬಿಟ್ಟು ಓಡಿ ಬಂದ ತಾಯಿ ಇರುತ್ತಾರೆ. ವಾರಕ್ಕೆ ಮೂರು ಗಂಟೆಯ ಪಾಠ ಅಂದರೆ ಇಡೀ ಸೆಮಿಸ್ಟರಿಗೆ ಐವತ್ತು ಗಂಟೆಯೂ ಸಿಗುವುದಿಲ್ಲ. ಮನೆಗೆ ಹೋಗಿ ಇನ್ನೂ ನೂರು ಗಂಟೆ ಅಭ್ಯಾಸ ಮಾಡಿ ಅಂತ ಇವರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಕಳೆದ ವರ್ಷದ ಒಂದು ಸಂಜೆಯ ಮಾತು. ಹಗಲೆಲ್ಲ ವೃದ್ಧರ ಆರೈಕೆ ಮಾಡಿ ಸಂಜೆ ಕ್ಲಾಸಿಗೆ ಬರುವ ಒಬ್ಬ ಹೆಣ್ಣುಮಗಳು ಕೈ ಎತ್ತಿದರು. "ಪ್ರೊಫೆಸರ್, ಬಟನ್ ಕೆಲಸ ಮಾಡ್ತಿಲ್ಲ." ಕೋಡ್ ನೋಡಿದೆ, ಬರೆದದ್ದೆಲ್ಲ ಸರಿಯಾಗಿಯೇ ಇತ್ತು. ಕನ್ಸೋಲ್ ತೆಗೆದು ಗಟ್ಟಿಯಾಗಿ ಓದಿ ಅಂದೆ. "ಅನ್‌ಕಾಟ್ ಟೈಪ್‌ಎರರ್: ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ನಲ್" ಅಂತ ಓದಿದರು. ನಲ್ ಅಂದರೇನು? "ಏನೂ ಇಲ್ಲ ಅಂತ." ಯಾವುದು ಇಲ್ಲ? ಸಾಲಿನ ಸಂಖ್ಯೆ ಹಿಡಿದು ಹುಡುಕಿದರು. "ಬಟನ್. ಆದ್ರೆ ಬಟನ್ ಇಲ್ಲೇ ಕಾಣ್ತಿದೆಯಲ್ಲ!" ಈಗ ಕಾಣುತ್ತಿದೆ, ಆ ಸಾಲು ಓಡುವ ಹೊತ್ತಿಗೆ ಇತ್ತಾ? ಆಕೆ ಸುಮ್ಮನಾದರು. ಫೈಲನ್ನು ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ ಜರುಗಿಸಿ ನೋಡಿದರು. ಜಾವಾಸ್ಕ್ರಿಪ್ಟನ್ನು ಕರೆಯುವ ಸ್ಕ್ರಿಪ್ಟ್ ಟ್ಯಾಗ್ ಪುಟದ ಮೇಲ್ಭಾಗದ ಹೆಡ್ ಒಳಗಿತ್ತು, ಬಟನ್ ಎಷ್ಟೋ ಸಾಲು ಕೆಳಗಿತ್ತು. "ಓ... ಇದು ಓಡುವಾಗ ಬ್ರೌಸರ್ ಇನ್ನೂ ಅಲ್ಲಿವರೆಗೆ ಬಂದೇ ಇಲ್ಲ" ಅಂದರು. ಪುಟ ಪೂರ್ತಿ ಓದಿದ ಮೇಲೆ ಓಡು ಅಂತ ಹೇಳುವ ಡಿಫರ್ ಅನ್ನೋ ಒಂದು ಪದ ಸೇರಿಸಿದ ಮೇಲೆ ಬಟನ್ ಮಾತು ಕೇಳಿತು.

ಇಷ್ಟಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ನಾನೇ ಹೇಳಿಬಿಟ್ಟಿದ್ದರೆ ಹತ್ತು ಸೆಕೆಂಡಿನ ಕೆಲಸ. ಆದರೆ ಬ್ರೌಸರ್ ಪುಟವನ್ನು ಯಾವ ಕ್ರಮದಲ್ಲಿ ಓದುತ್ತದೆ ಅನ್ನೋದು ಆಕೆಗೆ ಇನ್ನು ಮರೆಯುವುದಿಲ್ಲ, ಯಾಕೆಂದರೆ ಅದನ್ನು ಕಂಡುಹಿಡಿದದ್ದು ಅವರೇ.

ಮುಂಚೆ ನಾನು ಹೀಗೆ ಕಲಿಸುತ್ತಿರಲಿಲ್ಲ. ಉದ್ಯೋಗದ ಜಾಹೀರಾತುಗಳಲ್ಲಿ ರಿಯಾಕ್ಟ್ ಕೇಳುತ್ತಾರೆ ಅಂತ ಮೊದಲ ದಿನದಿಂದಲೇ ರಿಯಾಕ್ಟ್ ಹಿಡಿದಿದ್ದೆ. ಎರಡು ವಾರ ಇನ್‌ಸ್ಟಾಲ್ ಮಾಡಿಸುವುದರಲ್ಲೇ ಹೋಯಿತು. ಒಬ್ಬರದ್ದು ರಿಯಾಕ್ಟ್ ಪ್ರಾಜೆಕ್ಟಿಗೆ ಬೇಕಾದ ನೋಡ್ ಅನ್ನೋ ತಂತ್ರಾಂಶದ ಹಳೆಯ ಆವೃತ್ತಿ, ಇನ್ನೊಬ್ಬರ ಡಿಸ್ಕಿನಲ್ಲಿ ಜಾಗ ಇಲ್ಲ, ಮತ್ತೊಬ್ಬರಿಗೆ ಕಮಾಂಡ್ ಎಲ್ಲಿ ಟೈಪ್ ಮಾಡಬೇಕು ಅನ್ನೋದೇ ಗೊತ್ತಿಲ್ಲ. ಮೂರನೇ ವಾರ ಆರು ಕುರ್ಚಿ ಖಾಲಿ. ಬಿಟ್ಟುಹೋದವರು ದಡ್ಡರಲ್ಲ. ತಮಗೆ ಅರ್ಥವಾಗದ ಜಾಗದಲ್ಲಿ ಸಿಕ್ಕಿಬಿದ್ದಿದ್ದರು, ಅಲ್ಲಿಂದ ಹೊರಬರುವ ದಾರಿ ನಾನು ತೋರಿಸಿರಲಿಲ್ಲ. ಆ ಆರು ಜನರ ವಿಷಯದಲ್ಲಿ ತಪ್ಪು ನನ್ನದು ಅಂತಲೇ ಇವತ್ತಿಗೂ ನನಗೆ ಅನ್ನಿಸುತ್ತದೆ. ಅಂದು ಅಷ್ಟು ಕಷ್ಟಪಟ್ಟು ಹಾಕಿಸಿದ್ದ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಅನ್ನೋ, ರಿಯಾಕ್ಟ್ ಪ್ರಾಜೆಕ್ಟ್ ಶುರು ಮಾಡಿಕೊಡುವ ಉಪಕರಣವನ್ನು ಹೊಸ ಪ್ರಾಜೆಕ್ಟಿಗೆ ಬಳಸಬೇಡಿ ಅಂತ 2025ರಲ್ಲಿ ರಿಯಾಕ್ಟ್ ತಂಡವೇ ಹೇಳಿತು.

ನಮ್ಮ ವಿಷಯದಲ್ಲಿ ಇದು ಹೊಸದೇನಲ್ಲ. ಐಫೋನಿಗೆ ಆಬ್ಜೆಕ್ಟಿವ್-ಸಿ ಭಾಷೆ ಕಲಿತವರ ಮುಂದೆ 2014ರಲ್ಲಿ ಸ್ವಿಫ್ಟ್ ಅನ್ನೋ ಹೊಸ ಭಾಷೆ ಬಂತು, 2019ರಲ್ಲಿ ಪರದೆ ಕಟ್ಟುವ ಸ್ವಿಫ್ಟ್‌ಯುಐ ಬಂತು. ಆಂಡ್ರಾಯ್ಡಿಗೆ ಜಾವಾ ಅಂತಿತ್ತು; 2017ರಲ್ಲಿ ಕಾಟ್ಲಿನ್ ಭಾಷೆಗೂ ಗೂಗಲ್ ಅಧಿಕೃತ ಬೆಂಬಲ ಘೋಷಿಸಿತು, 2019ರಿಂದ ಕಾಟ್ಲಿನ್‌ಗೇ ಮೊದಲ ಮಣೆ. ಅಲ್ಲೂ ಪರದೆ ಕಟ್ಟುವ ರೀತಿಯೇ 2021ರಲ್ಲಿ ಗೂಗಲ್‌ನ ಕಂಪೋಸ್ ಜೊತೆ ಬದಲಾಯಿತು. ಬ್ರೌಸರಿನಲ್ಲಿ ಆಟ, ವಿಡಿಯೊ ಓಡಿಸುತ್ತಿದ್ದ ಫ್ಲ್ಯಾಶ್ 2020ರ ಕೊನೆಗೆ ಮುಗಿಯಿತು, ರಿಯಾಕ್ಟ್ ಥರದ್ದೇ ಆದ ಆಂಗ್ಯುಲರ್‌ಜೆಎಸ್ ಬೆಂಬಲ 2021ರ ಕೊನೆಗೆ. ಪಠ್ಯಕ್ರಮ ಬದಲಿಸಬೇಕು ಅಂದರೆ ವಿಭಾಗ, ಸಮಿತಿ, ಮತ್ತೊಂದು ಸಮಿತಿ ಅಂತ ಕಾಗದ ಓಡಾಡಿ ಬರಬೇಕು. ಅಷ್ಟರಲ್ಲಿ ಪುಸ್ತಕದಲ್ಲಿರುವ ಚಿತ್ರಕ್ಕೂ ವಿದ್ಯಾರ್ಥಿಯ ಪರದೆಗೂ ತಾಳೆಯೇ ಆಗುವುದಿಲ್ಲ. ಉಪಕರಣದ ಹಿಂದೆ ಓಡಿದರೆ ನಾವು ಯಾವತ್ತೂ ಒಂದು ಹೆಜ್ಜೆ ಹಿಂದೆಯೇ.

ಇಷ್ಟು ವರ್ಷದಲ್ಲಿ ಬದಲಾಗದೆ ಉಳಿದದ್ದೂ ಇದೆ. ಬ್ರೌಸರ್ ಕೇಳುತ್ತದೆ, ಸರ್ವರ್ ಕೊಡುತ್ತದೆ. ಉತ್ತರದ ಜೊತೆ ಒಂದು ಸಂಖ್ಯೆಯೂ ಬರುತ್ತದೆ: 200 ಅಂದರೆ ಎಲ್ಲ ಸರಿ, 404 ಅಂದರೆ ಕೇಳಿದ್ದು ಅಲ್ಲಿಲ್ಲ, 500 ಅಂದರೆ ಸರ್ವರ್ ಕಡೆಯಲ್ಲೇ ಎಡವಟ್ಟು. ಇವುಗಳ ವ್ಯತ್ಯಾಸ ಗೊತ್ತಿದ್ದರೆ ತಪ್ಪನ್ನು ಎಲ್ಲಿ ಹುಡುಕಬೇಕು ಅನ್ನೋದು ಅರ್ಧ ತಿಳಿದ ಹಾಗೆ. ಮೊಬೈಲಿಗೆ ಹೋದಾಗಲೂ ಇದೇ ಕೈಹಿಡಿಯುತ್ತದೆ. ಲ್ಯಾಪ್‌ಟಾಪಿನೊಳಗೇ ಆಂಡ್ರಾಯ್ಡ್ ಫೋನಿನ ಹಾಗೆ ನಡೆದುಕೊಳ್ಳುವ ಎಮ್ಯುಲೇಟರಿನಲ್ಲಿ ಓಡುವ ಆ್ಯಪ್ ಲೋಕಲ್‌ಹೋಸ್ಟ್, ಅಂದರೆ 'ಇದೇ ಯಂತ್ರ', ಅಂತ ಕೇಳಿದರೆ ಲ್ಯಾಪ್‌ಟಾಪಿನ ಸರ್ವರ್ ಸಿಗುವುದಿಲ್ಲ, ಎಮ್ಯುಲೇಟರ್ ತನ್ನನ್ನೇ ತಾನು ಕೇಳಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಬೇಕಿದ್ದರೆ 10.0.2.2 ಅನ್ನೋ ವಿಳಾಸ ಹೇಳಬೇಕು. ಯಾರು ಯಾರನ್ನು ಕೇಳುತ್ತಿದ್ದಾರೆ ಅನ್ನೋದು ತಿಳಿದವರಿಗೆ ಇದು ಒಂದೇ ನಿಮಿಷದ ಮಾತು. ತಿಳಿಯದವರಿಗೆ ಒಂದು ರಾತ್ರಿ ಹಾಳು.

ಮೊಬೈಲ್ ಪಾಠದಲ್ಲಿ ನನಗೆ ತುಂಬ ಇಷ್ಟವಾದ ಗಳಿಗೆ ಒಂದಿದೆ. ಎಲ್ಲರೂ ಒಂದು ಸಣ್ಣ ಎಣಿಕೆಯ ಆ್ಯಪ್ ಮಾಡಿರುತ್ತಾರೆ. ಒತ್ತಿದಷ್ಟೂ ಸಂಖ್ಯೆ ಏರುತ್ತದೆ. ಹದಿನೇಳರವರೆಗೆ ಒತ್ತಿ, ಈಗ ಫೋನನ್ನು ಅಡ್ಡ ಹಿಡಿಯಿರಿ ಅಂತೀನಿ. ಸಂಖ್ಯೆ ಸೊನ್ನೆ! ಕ್ಲಾಸಿನಲ್ಲಿ ಒಂದೇ ಸಲ ಗುಲ್ಲು. ಆಗ ಆಂಡ್ರಾಯ್ಡಿನ ಒಳಗೆ ನಡೆದದ್ದನ್ನು ಸಾಲು ಸಾಲಾಗಿ ತೋರಿಸುವ ಲಾಗ್‌ಕ್ಯಾಟ್ ತೆಗೆಸುತ್ತೇನೆ. ಆನ್‌ಡಿಸ್ಟ್ರಾಯ್ ಬಂತು, ಅದರ ಹಿಂದೆಯೇ ಆನ್‌ಕ್ರಿಯೇಟ್ ಬಂತು. ಫೋನ್ ತಿರುಗಿಸಿದ್ದಕ್ಕೆ ಆಂಡ್ರಾಯ್ಡ್ ಆ ಆ್ಯಕ್ಟಿವಿಟಿಯನ್ನೇ, ಅಂದರೆ ಆ್ಯಪಿನ ಆ ಪರದೆಯನ್ನೇ, ಕೆಡವಿ ಹೊಸದಾಗಿ ಕಟ್ಟಿದೆ, ಅದರೊಳಗಿದ್ದ ಸಂಖ್ಯೆಯೂ ಅದರ ಜೊತೆ ಹೋಗಿದೆ. ಹಾಗಾದರೆ ಎಲ್ಲಿ ಇಟ್ಟರೆ ಉಳಿಯುತ್ತದೆ ಅಂತ ಅವರೇ ಕೇಳುತ್ತಾರೆ. ಪರದೆ ಹೊಸದಾದರೂ ಡೇಟಾ ಉಳಿಸಿಕೊಳ್ಳುವ ವ್ಯೂಮಾಡೆಲ್ ಪಾಠ ಅಲ್ಲಿಂದ ಶುರು. ಅದೇ ಪದವನ್ನು ಮೊದಲೇ ಬೋರ್ಡಿನ ಮೇಲೆ ಬರೆದು ವ್ಯಾಖ್ಯೆ ಹೇಳಿದ್ದ ವರ್ಷ ಯಾರಿಗೂ ಅದು ತಲೆಗೆ ಹೋಗಿರಲಿಲ್ಲ.

ವೆಬ್ಬನ್ನೇ ಮೊದಲು ಹಿಡಿಯೋದಕ್ಕೆ ಇನ್ನೊಂದು ಕಾರಣ, ದುಡ್ಡು. ಐಫೋನ್ ಆ್ಯಪ್ ಕಟ್ಟುವ ಎಕ್ಸ್‌ಕೋಡ್ ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್ ಮೇಲೆ ಮಾತ್ರ ಓಡುತ್ತದೆ. ಆ್ಯಪಲ್ ಆ್ಯಪ್ ಸ್ಟೋರಿಗೆ ಹಾಕಲು ವರ್ಷಕ್ಕೆ 99 ಡಾಲರ್, ಗೂಗಲ್ ಪ್ಲೇಗೆ ಒಮ್ಮೆ 25 ಡಾಲರ್. ಆಂಡ್ರಾಯ್ಡ್ ಆ್ಯಪ್ ಕಟ್ಟುವ ಆಂಡ್ರಾಯ್ಡ್ ಸ್ಟುಡಿಯೋ ಮತ್ತು ಎಮ್ಯುಲೇಟರ್ ಎರಡನ್ನೂ ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆದರೆ ಫ್ಯಾನ್ ಸದ್ದು ಇಡೀ ಕೋಣೆಗೆ ಕೇಳುತ್ತದೆ. ಬ್ರೌಸರ್ ಮಾತ್ರ ಎಲ್ಲರ ಹತ್ತಿರ ಇದೆ. ಬಾಗಿಲು ಎಲ್ಲರಿಗೂ ತೆರೆದಿದೆ ಅಂತ ಹೇಳಿ, ಒಳಗೆ ಕೂತವರಿಗೆ ಮ್ಯಾಕ್ ತನ್ನಿ ಅನ್ನುವುದು ನನಗೆ ಒಪ್ಪುವುದಿಲ್ಲ. ಸ್ವಂತ ಲ್ಯಾಪ್‌ಟಾಪ್ ಈ ಭಾರ ತಡೆಯದವರಿಗೆ ಆಂಡ್ರಾಯ್ಡ್ ವಾರಗಳಲ್ಲಿ ಕಾಲೇಜಿನ ಲ್ಯಾಬನ್ನು ರಾತ್ರಿ ಹತ್ತರವರೆಗೆ ತೆರೆದಿಡಿ ಅಂತ ಪ್ರತಿ ವರ್ಷ ಅರ್ಜಿ ಕೊಡುತ್ತೇನೆ. ಎರಡು ಸಲ ಸಿಕ್ಕಿದೆ.

ಈಗ ಎಐ ಕೋಡ್ ಬರೆದುಕೊಡುತ್ತದಲ್ಲ, ಇದೆಲ್ಲ ಯಾಕೆ ಅನ್ನುವವರು ಹೆಚ್ಚಾಗಿದ್ದಾರೆ. ನಾನು ಅದನ್ನು ನಿಷೇಧಿಸಿಲ್ಲ. ಆದರೆ ಅದು ಕೊಟ್ಟ ಇನ್ನೂರು ಸಾಲನ್ನು ಅಂಟಿಸಿ, ಎರರ್ ಬಂದಾಗ ಅದನ್ನೂ ಓದದೆ ವಾಪಸ್ ಅದಕ್ಕೇ ಅಂಟಿಸುವ ವಿದ್ಯಾರ್ಥಿಗಳನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ. ನಾಲ್ಕನೇ ಸುತ್ತಿಗೆ ಅವರ ಮುಖದಲ್ಲಿ ಕಾಣುವ ಅಸಹಾಯಕತೆ ಅಂದು ಬಿಟ್ಟುಹೋದ ಆ ಆರು ಜನರನ್ನು ನೆನಪಿಸುತ್ತದೆ.

ರಿಯಾಕ್ಟನ್ನು ಕೊನೆಯ ಐದು ವಾರ ಕಲಿಸುತ್ತೇನೆ, ಬಿಟ್ಟಿಲ್ಲ. ರೆಸ್ಯೂಮೆಯಲ್ಲಿ ಆ ಪದ ಬೇಕು, ಹೊಟ್ಟೆಪಾಡಿನ ಪ್ರಶ್ನೆ ಅದು. ಆ ಹೊತ್ತಿಗೆ ಡಾಮ್, ಅಂದರೆ ಬ್ರೌಸರ್ ಪುಟವನ್ನು ತನ್ನೊಳಗೆ ಇಟ್ಟುಕೊಳ್ಳುವ ರೂಪ, ಅಂದರೇನು ಅಂತ ಗೊತ್ತಿರುವುದರಿಂದ ರಿಯಾಕ್ಟ್ ಯಾವ ಕಷ್ಟ ತಪ್ಪಿಸುತ್ತಿದೆ ಅನ್ನೋದು ಕಣ್ಣಿಗೆ ಕಾಣುತ್ತದೆ, ಪಾಠ ಬೇಗ ಸಾಗುತ್ತದೆ.

ಪರೀಕ್ಷೆಯನ್ನೂ ಬದಲಿಸಿದ್ದೇನೆ. ಹೊಸ ಆ್ಯಪ್ ಬರೆಯಿರಿ ಅನ್ನುವುದಿಲ್ಲ; ನಾನೇ ಕೆಡಿಸಿಟ್ಟ ಆ್ಯಪ್ ಕೊಡುತ್ತೇನೆ. ಐದು ತಪ್ಪು ಇರುತ್ತವೆ. ಸರಿಪಡಿಸಿದ್ದಕ್ಕೆ ಅರ್ಧ ಅಂಕ, ಹೇಗೆ ಹುಡುಕಿದೆ ಅಂತ ತಮ್ಮ ಮಾತಿನಲ್ಲಿ ಬರೆದದ್ದಕ್ಕೆ ಇನ್ನರ್ಧ. ಬಟನ್ ಸಿಗದೆ ಒದ್ದಾಡಿದ್ದ ಆ ಹೆಣ್ಣುಮಗಳು ಕಳೆದ ಸಲ ಐದರಲ್ಲಿ ನಾಲ್ಕು ಹಿಡಿದರು. ಐದನೆಯದರ ಜಾಗದಲ್ಲಿ ಬರೆದಿದ್ದರು: "ಸರ್ವರ್ 200 ಅಂತಿದೆ, ಡೇಟಾ ಬಂದಿದೆ, ಪರದೆಗೆ ಮಾತ್ರ ಬಂದಿಲ್ಲ. ತಪ್ಪು ಈ ಹನ್ನೆರಡು ಸಾಲಿನೊಳಗೇ ಇದೆ. ಸಮಯ ಸಾಲಲಿಲ್ಲ." ಹನ್ನೆರಡು ಸಾಲಿನೊಳಗೇ ಇತ್ತು. ಆ ಪ್ರಶ್ನೆಗೂ ಪೂರ್ತಿ ಅಂಕ ಕೊಟ್ಟೆ.