ಮಳೆಗಾಲಕ್ಕೆ ನಿಲ್ಲಿಸಿದ ಬುಲೆಟ್ಟು, ತಳಕ್ಕಿಳಿದ ಎಣ್ಣೆ

ಕಾಸರಗೋಡಿನ ಬದಿಯಡ್ಕದ ಬಳಿಯ ನಮ್ಮ ಮನೆಯಲ್ಲಿ, ಕೊಟ್ಟಿಗೆಗೆ ತಾಗಿದ ಮಾಡಿನಡಿಯಲ್ಲಿ, ತಂದೆಯವರ ಕಾಲದ ಬುಲೆಟ್ 350 ಇದೆ. ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ ಎಂಜಿನ್ನಿನದು. ಮಿಥುನ ಸಂಕ್ರಮಣದ ಹೊತ್ತಿಗೆ ಅದನ್ನು ನಿಲ್ಲಿಸಿದರೆ ಮತ್ತೆ ಹೊರಗೆ ತೆಗೆಯುವುದು ಆಟಿ (ಕರ್ಕಾಟಕ ತಿಂಗಳು) ಕಳೆದ ಮೇಲೆಯೇ. ಕೆಲವು ವರ್ಷಗಳ ಹಿಂದೆ ಸೋಣ (ಸಿಂಹ) ತಿಂಗಳಲ್ಲಿ ಹೀಗೆ ತೆಗೆದಾಗ ಎಣ್ಣೆಯ ಅಳತೆಕಡ್ಡಿ ಒಣಗಿತ್ತು, ಆದರೆ ನೆಲದ ಮುರಕಲ್ಲಿನ ಮೇಲೆ ಒಂದು ಹನಿಯ ಕಲೆಯೂ ಇರಲಿಲ್ಲ. ಹಾಗಾದರೆ ಎಣ್ಣೆ ಎಲ್ಲಿಗೆ ಹೋಯಿತೆಂದು ಯೋಚಿಸುವ ತಾಳ್ಮೆಯಿಲ್ಲದೆ, ಒಂದು ಲೀಟರು ಹೊಸ ಎಣ್ಣೆ ಸುರಿದು ಕಿಕ್ ಹೊಡೆದೆ. ಅಂಗಳದ ತುಳಸಿಕಟ್ಟೆ ಕಾಣದಷ್ಟು ನೀಲಿ ಹೊಗೆ ಎದ್ದಿತು. ಎಂಜಿನ್ನಿನೊಳಗಿನ ಗಾಳಿ ಹೊರಹೋಗುವ ಬ್ರೀದರ್ ಕೊಳವೆಯಿಂದ ಎಣ್ಣೆ ಉಕ್ಕಿ ನನ್ನ ಪಂಚೆಯವರೆಗೂ ಬಂತು. ಮರುದಿನ ಬಂದು ನೋಡಿದ ಗ್ಯಾರೇಜಿನ ಮೇಸ್ತ್ರಿ, "ಮಾಷೇ, ಎಣ್ಣೆ ಎಲ್ಲಿಗೂ ಹೋಗಿರಲಿಲ್ಲ, ಕೆಳಗೆ ಇಳಿದಿತ್ತು ಅಷ್ಟೆ. ನೀವು ಅದರ ಮೇಲೆ ಮತ್ತೆ ಹೊಯ್ದಿರಿ" ಎಂದರು.

ಈ ಎಂಜಿನ್ನಿನಲ್ಲಿ ಎಣ್ಣೆ ನಿಲ್ಲುವ ಜಾಗ ಬೇರೆ, ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡ) ತಿರುಗುವ ಜಾಗ ಬೇರೆ. ಒಂದು ಪಂಪು ಎಣ್ಣೆಯನ್ನು ಬೇರಿಂಗುಗಳಿಗೆ ಕಳುಹಿಸುತ್ತದೆ, ಅದಕ್ಕಿಂತ ಹೆಚ್ಚು ಎಳೆಯಬಲ್ಲ ಇನ್ನೊಂದು ಪಂಪು ತಳಕ್ಕೆ ಬಿದ್ದದ್ದನ್ನು ಹಿಂದಕ್ಕೆ ತರುತ್ತದೆ. ಆದ್ದರಿಂದ ಗಾಡಿ ಓಡುತ್ತಿರುವಷ್ಟು ಹೊತ್ತು ಕ್ರ್ಯಾಂಕಿನ ಆ ಕೋಣೆಯಲ್ಲಿ, ಅಂದರೆ ಕ್ರ್ಯಾಂಕ್‌ಕೇಸಿನಲ್ಲಿ ಎಣ್ಣೆ ನಿಲ್ಲುವುದಿಲ್ಲ. ನಿಲ್ಲಿಸಿದ ಮೇಲೆ ಎರಡೂ ಪಂಪುಗಳಿಗೆ ಕೆಲಸವಿಲ್ಲ. ಆಗ ಸವೆದ ಪಂಪಿನ ಸಂದಿಯಲ್ಲಿ ಎಣ್ಣೆ ತನ್ನ ಭಾರಕ್ಕೆ ತಾನೇ ಜಿನುಗುತ್ತ, ವಾರಗಟ್ಟಲೆ ನಿಂತರೆ, ಬಹುಪಾಲು ಕೆಳಗಿಳಿಯುತ್ತದೆ.

ಬೆಂಗಳೂರಿನಲ್ಲಿರುವ ನನ್ನ ಭಾವನದು ಬೇರೆ ದಾರಿ. ಅವನ ಬಳಿ ಇರುವುದು ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಬೈಕು ಬಿ.ಎಸ್.ಎ. ಎಂ20; ಅದರ ಎಣ್ಣೆ ಟ್ಯಾಂಕು ಎಂಜಿನ್ನಿನಿಂದ ಪ್ರತ್ಯೇಕವಾಗಿದ್ದು, ನಡುವೆ ಪೈಪು ಇರುವುದರಿಂದ ಅವನು ಅಲ್ಲಿಗೊಂದು ತಿರುಪು ನಲ್ಲಿ ಹಾಕಿಸಿದ್ದಾನೆ. ನಿಲ್ಲಿಸಿದೊಡನೆ ನಲ್ಲಿ ಮುಚ್ಚಿದರೆ ಎಣ್ಣೆ ಇಳಿಯುವ ಪ್ರಶ್ನೆಯೇ ಇಲ್ಲ ಎಂಬುದು ಅವನ ವಾದ. ಮಾತು ಸರಿ, ಆದರೆ ತೆರೆಯಲು ಮರೆತರೆ? ಎಣ್ಣೆಯಿಲ್ಲದೆ ಓಡಿದ ಎಂಜಿನ್ನಿನ ಬಿಗ್ ಎಂಡ್ (ಕ್ರ್ಯಾಂಕಿಗೆ ಕೂಡುವ ಕಡೆಯ ಬೇರಿಂಗು) ಕಚ್ಚಿಕೊಳ್ಳಲು ಹೆಚ್ಚು ದೂರ ಹೋಗಬೇಕಾಗಿಲ್ಲ. ನೆನಪಿಗೆಂದು ಚಾವಿಯನ್ನು ನಲ್ಲಿಗೇ ತೂಗುಹಾಕಬಹುದೆಂದು ಹೇಳುವವರಿದ್ದಾರೆ. ಬ್ಯಾಟರಿಯಿಲ್ಲದೆ ತಾನೇ ವಿದ್ಯುತ್ತು ಹುಟ್ಟಿಸುವ ಮ್ಯಾಗ್ನೆಟೊದಿಂದ ಕಿಡಿ ಪಡೆಯುವ ಆ ಗಾಡಿಗೆ ಹೊರಡಲು ಚಾವಿಯೇ ಬೇಡವೆಂಬುದನ್ನು ಅವರು ಮರೆಯುತ್ತಾರೆ. ನಲ್ಲಿ ಮುಚ್ಚಿದ್ದರೆ ಕಿಡಿಯೇ ಹುಟ್ಟದಂತೆ ಒಂದು ಸ್ವಿಚ್ಚನ್ನು ಜೋಡಿಸಿದರೆ ಮಾತ್ರ ನಾನು ಆ ಉಪಾಯವನ್ನು ಒಪ್ಪಿಯೇನು. ನನ್ನ ಬುಲೆಟ್ಟಿನಲ್ಲಂತೂ ಎಣ್ಣೆಯ ಕೋಣೆ ಎಂಜಿನ್ನಿನ ಎರಕದೊಳಗೇ ಇರುವುದರಿಂದ ನಲ್ಲಿ ಹಾಕಲು ಪೈಪೇ ಇಲ್ಲ.

ಭಾವ ಹೇಳುವ ಎರಡನೆಯ ಮಾತು, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಬೇಕೆಂಬುದು. ಅವನು ಭಾನುವಾರ ಬೆಳಿಗ್ಗೆ ಇಪ್ಪತ್ತು ಕಿಲೋಮೀಟರು ಓಡಿಸಿ ಬರುತ್ತಾನೆ, ಎಂಜಿನ್ ಚೆನ್ನಾಗಿ ಕಾಯುತ್ತದೆ. ಅವನ ಮಟ್ಟಿಗೆ ಅದು ಸರಿಯೇ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ ನಮ್ಮಲ್ಲಿ, ಆಟಿಯ ಜಡಿಮಳೆಗೆ ಮಾಡಿನಡಿಯಲ್ಲೇ ನಿಲ್ಲಿಸಿ ಐದು ನಿಮಿಷ ಗುಡುಗುಡಿಸಿದರೆ ಒಳಗಿನ ತೇವ ಆವಿಯಾಗಿ ಹೊರಹೋಗುವಷ್ಟು ಬಿಸಿ ಹುಟ್ಟುವುದಿಲ್ಲ. ಒಮ್ಮೆ ಹಾಗೆ ಮಾಡಿ ನೋಡಿದ್ದೇನೆ. ನಾಲ್ಕು ವಾರಕ್ಕೆ ಎಣ್ಣೆಯ ಮುಚ್ಚಳದ ಒಳಭಾಗದಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣದ ನೊರೆ ಕೂತಿತ್ತು.

ಹಾಗಾಗಿ ನಾನು ಮೇಸ್ತ್ರಿಯ ದಾರಿ ಹಿಡಿದಿದ್ದೇನೆ. ಇಳಿಯುವ ಎಣ್ಣೆಯನ್ನು ತಡೆಯಲು ಹೆಣಗುವುದಕ್ಕಿಂತ, ಇಳಿಯಲು ಎಣ್ಣೆಯನ್ನೇ ಇಡದಿರುವುದು ಮೇಲು. ವೃಷಭ ತಿಂಗಳ ಕೊನೆಯ ಒಂದು ಒಣ ದಿನ ಕುಂಬಳೆಯವರೆಗೆ ಹೋಗಿಬಂದು, ಎಂಜಿನ್ ಬಿಸಿಯಿರುವಾಗಲೇ ಎಣ್ಣೆಯ ಕೋಣೆ, ಕ್ರ್ಯಾಂಕ್‌ಕೇಸು ಎರಡರ ಡ್ರೇನ್ ಬೋಲ್ಟನ್ನೂ ಬಿಚ್ಚುತ್ತೇನೆ. ಕ್ರ್ಯಾಂಕ್‌ಕೇಸಿನಿಂದ ಆಗ ಸ್ವಲ್ಪವೇ ಸುರಿದರೆ ಹಿಂದಕ್ಕೆ ಎಳೆಯುವ ಪಂಪು ಸರಿಯಿದೆ ಎಂದರ್ಥ. ಧಾರಾಳವಾಗಿ ಸುರಿದರೆ ಪಂಪು ಬಿಚ್ಚಿ ನೋಡಲೇಬೇಕು, ಆಗ ಅದು ಬರೀ ನಿಂತು ಬಂದ ತೊಂದರೆಯಲ್ಲ. ಕರಿದಾದ ಹಳೆಯ ಎಣ್ಣೆಯನ್ನು ಮತ್ತೆ ಬಳಸುವುದಿಲ್ಲ, ಅದರಲ್ಲಿ ಸೇರಿದ ಆಮ್ಲ ಬೇರಿಂಗನ್ನು ತಿನ್ನುತ್ತದೆ. ಸ್ಪಾರ್ಕ್ ಪ್ಲಗ್ಗಿನ ತೂತಿನಲ್ಲಿ ಎರಡು ಚಮಚ ಹೊಸ ಎಣ್ಣೆ ಬಿಟ್ಟು ಕಿಕ್ಕನ್ನು ಮೆಲ್ಲನೆ ನಾಲ್ಕೈದು ಸಲ ಒತ್ತಿ, ಪೆಟ್ರೋಲಿನ ನಲ್ಲಿಯನ್ನೂ ಮುಚ್ಚುತ್ತೇನೆ, ಏಕೆಂದರೆ ಅದು ಸೋರಿದರೂ ಸೇರುವುದು ಅದೇ ತಳಕ್ಕೆ. ಕಿಕ್ಕಿಗೆ ಒಂದು ರಟ್ಟಿನ ತುಂಡು ಕಟ್ಟುತ್ತೇನೆ: "ಎಣ್ಣೆ ಇಲ್ಲ". ಕನ್ನಡದಲ್ಲೂ ಮಲಯಾಳದಲ್ಲೂ ಬರೆಯುತ್ತೇನೆ, ತೋಟದ ಕೆಲಸಕ್ಕೆ ಬರುವ ಹುಡುಗನಿಗೆ ಗಾಡಿಯ ಮೇಲೆ ಬಹಳ ಪ್ರೀತಿ, ಅವನು ಓದಬಲ್ಲದ್ದು ಮಲಯಾಳ ಮಾತ್ರ.

ಸೋಣದಲ್ಲಿ ತೆಗೆಯುವಾಗ ಮೊದಲು ಕ್ರ್ಯಾಂಕ್‌ಕೇಸಿನ ಬೋಲ್ಟು ಬಿಚ್ಚಿ, ತಳ ಖಾಲಿಯಿದೆಯೆಂದು ನೋಡಿ, ಆಮೇಲೆ ಹೊಸ ಎಣ್ಣೆ. ಪ್ಲಗ್ಗು ತೆಗೆದಿಟ್ಟು ಕಾಲು ಸೋಲುವಷ್ಟು ಕಿಕ್ ಹೊಡೆಯುತ್ತೇನೆ. ಸಿಲಿಂಡರಿನ ತಲೆಗೆ ಹೋಗುವ ಸಣ್ಣ ಪೈಪಿನ ಬೋಲ್ಟನ್ನು ಸಡಿಲಿಸಿದರೆ ಅಲ್ಲಿ ಎಣ್ಣೆ ಒಸರಬೇಕು. ಒಸರಿದ ಮೇಲೆಯೇ ಬೋಲ್ಟು ಬಿಗಿ ಮಾಡಿ, ಪ್ಲಗ್ಗು ಹಾಕುತ್ತೇನೆ.